ಮೇಷ್ಟ್ರಿಗೆ ಒಂದು ತಂಬಿಗೆ ಮಜ್ಜಿಗೆ

ಕಾಲು ಚಾಚಿ ಕೂತು ಕೇಳಿ. ನಡುವೆ ಎದ್ದು ಹೋದವರಿಗೆ ಮತ್ತೆ ಹೇಳುವವಳಲ್ಲ ನಾನು. ಸುಳ್ಳು ಅನ್ನಿಸಿದರೆ ನನ್ನ ನೋಟುಬುಕ್ಕು ನೋಡಿ. ವಾರ, ಗಳಿಗೆ, ಯಾರು ಯಾರನ್ನು ಏನೆಂದು ಬೈದರು, ಎಲ್ಲಾ ಬರೆದಿಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಒಬ್ಬಳು ಗಂಗಾಂಬಿಕೆ, ನನ್ನ ಸೊಸೆ. ಅವಳಿಗೊಬ್ಬ ಮಗ ಕೊಟ್ರಪ್ಪ. ವಯಸ್ಸು ಇಪ್ಪತ್ತಾರು, ಎತ್ತಿನಂಥ ಆಳು, ಮನಸ್ಸು ಹಾಲಿನಂಥದು. ಹೇಳಿದ ಮಾತು ಮೀರುವವನಲ್ಲ. ಅದೇ ತೊಂದರೆ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಗಂಗಾಂಬಿಕೆ ಐವತ್ತರ ಮೇಲೆ ಎಂ.ಎ.ಗೆ ಕಟ್ಟಿದ್ದಳು. ಈ ಮನೆಗೆ ಬಿ.ಎ. ಮುಗಿಸಿ ಸೊಸೆಯಾಗಿ ಬಂದವಳು ನಾನು. ನನ್ನನ್ನು ಮೀರಿಸಲಿ ಅಂತ ನಾನೇ ಹುರಿದುಂಬಿಸಿದ್ದು. ಬರೆಯುವ ಪರೀಕ್ಷೆಗಳೆಲ್ಲ ಮುಗಿದು ಬಾಯಿಮಾತಿನ ಪರೀಕ್ಷೆ ಒಂದು ಉಳಿದಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಮೈಸೂರಿನ ಇಬ್ಬರು ಮೇಷ್ಟ್ರು ಇಂಟರ್ನೆಟ್ಟಿನಲ್ಲಿ ಬಂದು ಪ್ರಶ್ನೆ ಕೇಳುತ್ತಾರೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ನಮ್ಮೂರಲ್ಲೋ, ಗುಡ್ಡ ಅಡ್ಡ ಬಂದು ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ಆದರೆ ಸರ್ಕಾರದವರು ನೆಲದೊಳಗೆ ಪೈಪು ಹೂತು ಪಂಚಾಯ್ತಿ ಆಫೀಸಿನವರೆಗೆ ಹೊಸ ವೈರು ತಂದಿದ್ದರು. ಅಲ್ಲಿಂದ ಕಂಬದ ಮೇಲೆ ಹಾಯಿಸಿ ಮನೆಗೆ ಎಳೆಸಿಕೊಳ್ಳಬೇಕು.

"ಎಳೆಸೇ ಎಳೆಸ್ತೀನಿ ಅತ್ತೆ!" ಅಂದಳು ಗಂಗಾಂಬಿಕೆ.

ಸೋಮವಾರ ಮಗನನ್ನು ಕರೆದಳು. "ಪಂಚಾಯ್ತಿಗೆ ಹೋಗಿ ನಮ್ಮ ಮನೆ ವೈರು ತಗೊಂಡ್ ಬಾ. ಹೊಸಾದು ಕಣೋ! ನೀಟಾಗಿ ತಾ!"

ಹೊಸದನ್ನು ನೀಟಾಗಿ ತರುವುದು ಹೇಗೆ? ಹೊಸ ಪಂಚೆ ಮಡಿಸಿದ ಹಾಗೆ ಮಡಿಸಿದ. ಮಡಿಕೆ ಕೂರಲಿ ಅಂತ ಮೇಲೆ ಚಪ್ಪಡಿ ಕಲ್ಲು ಹೇರಿದ. ಆಮೇಲೆ ಕಂಕುಳಲ್ಲಿಟ್ಟು ತಂದ.

ವೈರು ಜೋಡಿಸಲು ಬಂದಿದ್ದ ಲೈನಿನ ದಸ್ತಗೀರ್ ಒಂದು ತುದಿಯಲ್ಲಿ ಬೆಳಕು ಬಿಟ್ಟ. ಇನ್ನೊಂದು ತುದಿಯಲ್ಲಿ ಕತ್ತಲೆ. "ಹೋಯ್ತು ಅಮ್ಮಾ! ಇದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇರ್ತದೆ. ಸುದ್ದಿಯೆಲ್ಲಾ ಬೆಳಕಾಗಿ ಅದರೊಳಗೇ ಓಡ್ತದೆ. ಮಡಿಸಿದ್ರೆ ಗಾಜು ಉಳೀತದಾ?"

"ಅಯ್ಯೋ ನನ್ನ ಕರ್ಮವೇ!" ಗಂಗಾಂಬಿಕೆ ಹಣೆ ಚಚ್ಚಿಕೊಂಡಳು. "ಗಾಜು ಕಂಡ್ರೆ ಹುಲ್ಲಿನಲ್ಲಿ ಸುತ್ತಬೇಕು! ಬಂಡಿಯಲ್ಲಿ ಮಲಗಿಸಬೇಕು! ಮೆಲ್ಲಗೆ ತರಬೇಕು!"

"ಆಯ್ತವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ."

ಮಂಗಳವಾರ ದಸ್ತಗೀರ್ ಬೇರೆ ವೈರು ಹಿಡಿದು ಬಸ್ಸಿಗೆ ಬರುವವನಿದ್ದ. "ಹೋಗಿ ಕರಕೊಂಡ್ ಬಾ" ಅಂದಳು.

ಕೊಟ್ರಪ್ಪ ಬಂಡಿ ಹೂಡಿಕೊಂಡು ಹೋದ. ದಸ್ತಗೀರ್ ಬಸ್ಸಿಳಿದ. ಮುಖದ ಮೇಲೆ ದಪ್ಪ ಕನ್ನಡಕ! ಗಾಜು! ಕೊಟ್ರಪ್ಪ ಹಿಂದೆಮುಂದೆ ನೋಡಲಿಲ್ಲ. ಅವನನ್ನು ನೆಲ್ಲುಹುಲ್ಲಿನಲ್ಲಿ ಸುತ್ತಿದ, ಬಂಡಿಯಲ್ಲಿ ಮಲಗಿಸಿದ, ಮೆಲ್ಲಗೆ ಹೊಡೆದುಕೊಂಡು ಬಂದ. ಒಂದು ಮೈಲಿ ದಾರಿಗೆ ಎರಡು ಗಂಟೆ.

"ಯಾ ಅಲ್ಲಾ! ನಾನೇನು ಬಳೆ ಮಲಾರವಾ?" ಹುಲ್ಲಿನೊಳಗಿಂದ ದನಿ ಬಂತು.

"ಮಂಕೇ!" ಗಂಗಾಂಬಿಕೆ ಹುಲ್ಲು ಕೀಳುತ್ತಾ ಕೂಗಿದಳು. "ದೂರದಿಂದ ಮನೆಗೆ ಬಂದವರನ್ನ ಹಿಂಗಾ ನೋಡ್ಕೊಳ್ಳೋದು? ಕಾಲಿಗೆ ನೀರು ಕೊಡಬೇಕು! ಒಂದು ತಂಬಿಗೆ ಮಜ್ಜಿಗೆ ಕೊಡಬೇಕು! ಹೊರಟಾಗ ಊರ ಅಂಚಿನವರೆಗೆ ಹೋಗಿ ಕಳಿಸಿ ಬರಬೇಕು!"

"ಆಯ್ತವ್ವಾ, ಮುಂದಿನ ಸಲ ಹಂಗೇ ಮಾಡ್ತೀನಿ."

ಬುಧವಾರ ದಾವಣಗೆರೆಯಿಂದ ವೈಫೈ ಡಬ್ಬಿ ಬಂತು. ಗಂಗಾಂಬಿಕೆ ಒಳಗೆ ಓದುತ್ತಿದ್ದಳು. ಕೊಟ್ರಪ್ಪ ಬಿಚ್ಚಿ ನೋಡಿದ. ಪಾಪ, ದೂರದಿಂದ ಬಂದದ್ದು, ಎರಡು ಕಾಲು ಮೇಲೆತ್ತಿ ಮಲಗಿಬಿಟ್ಟಿದೆ! ಒಂದು ಚೆಂಬು ನೀರು ಹೊಯ್ದು ಕಾಲು ತೊಳೆದ. ಬಾಯಿ ಹುಡುಕಿದ. ಬೆನ್ನಲ್ಲಿ ಸಾಲಾಗಿ ತೂತುಗಳಿದ್ದವು. ಅದರೊಳಗೆ ಮಜ್ಜಿಗೆ ಹೊಯ್ದ. ಉಪ್ಪು, ಇಂಗು ಹಾಕಿದ ಒಳ್ಳೆಯ ಮಜ್ಜಿಗೆ. ಬೆಳಿಗ್ಗೆ ನಾನೇ ಕಡೆದದ್ದು.

ಗಂಗಾಂಬಿಕೆ ಹೊರಗೆ ಬಂದವಳು ಕಂಬದ ಹಾಗೆ ನಿಂತಳು. ಅವತ್ತು ಅವಳ ಕಣ್ಣಲ್ಲಿ ನೀರು ಬಂತು. "ಅತ್ತೆ, ಈ ವರ್ಷ ಹೋಯ್ತು."

"ಇನ್ನೂ ಎರಡು ದಿನ ಇದೆ" ಅಂದೆ. "ಸೆರಗು ಕಟ್ಟು. ಇನ್ನೊಂದು ಡಬ್ಬಿ ತರಿಸು."

ಸೆರಗು ಕಟ್ಟಿದಳು. ದಸ್ತಗೀರನನ್ನು ಕಾಡಿ ಬೇಡಿ ಗುರುವಾರ ಸಂಜೆಗೆ ಇನ್ನೊಂದು ಡಬ್ಬಿ ಕೂರಿಸಿದಳು. ಹಸಿರು ದೀಪ ಹತ್ತಿತು. ಆಮೇಲೆ ಮಗನಿಗೆ ಹೇಳಿದಳು: "ಕೇಳೋ! ಇದಕ್ಕೆ ನೀರು ತಾಗಬಾರದು! ಎತ್ತರದಲ್ಲಿ, ಬಯಲಾಗಿರೋ ಕಡೆ ಇರಬೇಕು! ಯಾರೂ ಮುಟ್ಟಬಾರದು! ಪ್ಲಗ್ ಮಾತ್ರ ಕೀಳಬೇಡ!"

"ಆಯ್ತವ್ವಾ, ಹಂಗೇ ಮಾಡ್ತೀನಿ."

ಶುಕ್ರವಾರ ಹತ್ತೂ ಮುಕ್ಕಾಲು. ಗಂಗಾಂಬಿಕೆ ಇಳಕಲ್ ಸೀರೆ ಉಟ್ಟು ಬಂದು ನೋಡುತ್ತಾಳೆ, ಗೋಡೆಯಲ್ಲಿ ಡಬ್ಬಿ ಇಲ್ಲ! ಅಂಗಳಕ್ಕೆ ಓಡಿದೆವು. ಮಾಳಿಗೆಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಕೊಡೆ, ಪಕ್ಕದಲ್ಲಿ ದೊಣ್ಣೆ ಹಿಡಿದ ಕೊಟ್ರಪ್ಪ! ಪ್ಲಗ್ ಕಿತ್ತಿರಲಿಲ್ಲ, ಉದ್ದನೆಯ ಕರೆಂಟು ವೈರಿನ ಸಮೇತ ಎಲ್ಲಾ ಮೇಲೇರಿಸಿದ್ದ. ಗಾಜಿನ ವೈರು ಟ್ಯಾಂಕಿಗೆ ಎರಡು ಸುತ್ತು ಬಂದಿತ್ತು.

"ಈಗ ಇಳಿಸೋಕೆ ಹೋದ್ರೆ ಗಾಜು ಮುರೀತದೆ ಅಮ್ಮಾ" ಅಂದ, ಪರೀಕ್ಷೆ ಮುಗಿಯುವವರೆಗೆ ಇರೋಣ ಅಂತ ಬಂದಿದ್ದ ದಸ್ತಗೀರ್. "ಕೆಳಗಿನ ಕೋಣೆಗೆ ಸಿಗ್ನಲ್ ಇಳಿಯಲ್ಲ."

ಗಂಗಾಂಬಿಕೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಏಣಿ ಹತ್ತಿದಳು. ಟ್ಯಾಂಕಿನ ಬುಡದಲ್ಲಿ ಚಾಪೆ ಹಾಸಿ, ಟ್ಯಾಂಕಿಗೆ ಮೊಬೈಲು ಒರಗಿಸಿ ಕೂತಳು. ಹನ್ನೊಂದಕ್ಕೆ ಸರಿಯಾಗಿ ಮೇಷ್ಟ್ರಿಬ್ಬರ ಮುಖ ಮೂಡಿತು. ಬಿಸಿಲು ಬಡಿಯುತ್ತಿತ್ತು; ನಾನು ಕೂಗಿ ಹೇಳಿದ್ದಕ್ಕೆ ಕೊಟ್ರಪ್ಪ ಕೊಡೆ ತಂದು ಅವ್ವನ ಹಿಂದೆ ಹಿಡಿದು ನಿಂತ. ಅವರು ಕೇಳಿದರು, ಇವಳು ಹೇಳಿದಳು. ಅವರು ಕೇಳಿದರು, ಇವಳು ಹೇಳಿದಳು. ನಲವತ್ತು ನಿಮಿಷ, ನಾನು ಗಡಿಯಾರ ಹಿಡಿದು ಬರೆದುಕೊಂಡಿದ್ದೇನೆ.

"ಹಿಂದೆ ಕೊಡೆ ಹಿಡಿದು ನಿಂತವರು ಯಾರಮ್ಮಾ?"

"ನನ್ನ ಮಗ ಸಾರ್. ಹೇಳಿದ್ದನ್ನು ಚಾಚೂ ತಪ್ಪದೆ ಮಾಡ್ತಾನೆ."

ಮೇಷ್ಟ್ರು ನಕ್ಕರು. "ತಾಯಿಯೂ ಒಂದೂ ಉತ್ತರ ತಪ್ಪಲಿಲ್ಲ. ಪಾಸಾದಿರಿ ಬಿಡಿ."

ಗಂಗಾಂಬಿಕೆ ಅಲ್ಲಿಂದಲೇ ಕೂಗಿದಳು: "ಅತ್ತೇ! ಪಾಸು!" ನಾನು ಕೆಳಗೆ ನಿಂತು ಕಣ್ಣೊರೆಸಿಕೊಂಡೆ.

ಏಣಿ ಇಳಿದು ಮನೆಯವರಿಗೆಲ್ಲಾ ಸಕ್ಕರೆ ಹಂಚಿದಳು. ಮಗನನ್ನು ಕೂಗಿದರೆ ಮಗ ಇಲ್ಲ! ತಂಬಿಗೆಯೂ ಇಲ್ಲ!

ಅಷ್ಟರಲ್ಲಿ ಪಂಚಾಯ್ತಿ ಜವಾನ ಓಡೋಡಿ ಬಂದ. "ಅಮ್ಮಾರೇ, ಬೇಗ ಬನ್ರಿ! ನಿಮ್ಮ ಕೊಟ್ರಪ್ಪ ಕತ್ತೆತ್ತಿ ವೈರು ನೋಡ್ತಾ ಕಂಬದಿಂದ ಕಂಬಕ್ಕೆ ನಡಕೊಂಡು ಬಂದ. 'ನಿಧಾನ ಸಾರ್, ಹುಷಾರು ಸಾರ್' ಅಂತ ವೈರಿನ ಜೊತೆ ಮಾತು ಬೇರೆ!"

ಓಡಿದೆವು. ಊರ ಅಂಚಿನ ಪಂಚಾಯ್ತಿ ಆಫೀಸಿನ ಹಿಂದೆ ವೈರು ಪೈಪಿನೊಳಗೆ ಇಳಿದು ಮಣ್ಣಿನಡಿ ಹೋಗುವ ಜಾಗ. ಅಲ್ಲಿ ಕೊಟ್ರಪ್ಪ ಮಂಡಿಯೂರಿ, ಕೈಮುಗಿದು ಕೂತಿದ್ದ. ಪಕ್ಕದಲ್ಲಿ ಖಾಲಿ ತಂಬಿಗೆ.

"ಏನ್ ಮಾಡಿದ್ಯೋ!"

"ಮೇಷ್ಟ್ರನ್ನ ಊರ ಅಂಚಿನವರೆಗೆ ಕಳಿಸೋಕೆ ಬಂದೆ ಅವ್ವಾ. ಬಿಸಿಲಲ್ಲಿ ಏನೂ ಕುಡೀದೆ ಹೊರಟುಬಿಟ್ಟಿದ್ರು. ಇಲ್ಲಿ ಹಿಡಿದೆ ನೋಡು!" ಅವನ ಮುಖ ಅರಳಿತ್ತು. "ಪೈಪಿನೊಳಗೆ ಒಂದು ತಂಬಿಗೆ ತುಂಬಾ ಮಜ್ಜಿಗೆ ಹೊಯ್ದೆ. ಇಬ್ಬರೂ ಕುಡಿದ್ರು! ಒಂದು ಹನೀನೂ ವಾಪಸ್ ಬರಲಿಲ್ಲ!"