ಆನೆ ಗೆಜ್ಜೆ, ಅರ್ಧ ಶಾಲೆ

ಬಿಳಿಗಲ್ಲೂರಿನ ರಾಜ ಮಾರಭೂಪನ ಆಸ್ಥಾನದಲ್ಲಿ ಅವತ್ತು ಹೊಸ ವರ್ಷದ ಆಯವ್ಯಯ ಓದೋ ದಿನ. ಬೊಕ್ಕಸದ ಮಂತ್ರಿ ಶೇಷಪ್ಪಯ್ಯ ಎದೆಯುಬ್ಬಿಸಿ ನಿಂತರು.

"ಮಹಾಪ್ರಭು, ಪಟ್ಟದಾನೆಗೆ ಬೆಳ್ಳಿ ಗೆಜ್ಜೆ ಮಾಡಿಸೋಕೆ ದುಡ್ಡು ಹೊಂದಿಸಿಬಿಟ್ಟಿದ್ದೀನಿ! ಪ್ರಜೆಗಳ ಶಾಲೆ ಇನ್ಮೇಲೆ ಅರ್ಧ ದಿನ. ಮಧ್ಯಾಹ್ನಕ್ಕೆ ಬೀಗ. ಮೇಷ್ಟ್ರಿಗೆ ಅರ್ಧ ಸಂಬಳ."

"ಶಾಲೆ ಹೋಯ್ತಲ್ಲಯ್ಯ?" ಅಂದ ರಾಜ.

"ಎಲ್ಲಿ ಹೋಯ್ತು ಪ್ರಭು? ಅರ್ಧ ಇದೆಯಲ್ಲ! ಅರ್ಧ ಇದ್ರೆ ಇದ್ದ ಹಾಗೇ ಲೆಕ್ಕ."

ಈ ಮಾತು ರಾಜನಿಗೆ ಬಹಳ ಹಿಡಿಸಿತು. ಮೀಸೆ ತಿರುವಿ ಮುದ್ರೆ ಒತ್ತಿಬಿಟ್ಟ. ಆ ಮೀಸೆ ಸಾಮಾನ್ಯದ್ದಲ್ಲ. ಎರಡೂ ಕಡೆ ಒಂದೊಂದು ನಿಂಬೆಹಣ್ಣು ಆರಾಮಾಗಿ ಕೂರುತ್ತಿತ್ತು.

ಆಸ್ಥಾನದ ವಿದೂಷಕ ಗಿರಿಯಣ್ಣ ಮನೆಗೆ ಹೊರಟಾಗ ಅರಮನೆ ಕ್ಷೌರಿಕ ಕೆಂಚಪ್ಪ ಅಡ್ಡ ಬಂದ.

"ಅಣ್ಣಾ, ಮಧ್ಯಾಹ್ನ ನಾನು ಪ್ರಭುಗಳ ಮೀಸೆ ತಿದ್ದಬೇಕು. ನನ್ನ ಹೆಂಡ್ತಿ ಅರಮನೇಲಿ ಭತ್ತ ಕುಟ್ಟಬೇಕು. ಶಾಲೆ ಬಿಟ್ಟು ಬಂದ ಹೆಣ್ಮಕ್ಕಳನ್ನ ಎಲ್ಲಿ ಬಿಡ್ಲಿ? ಮನೇಲಿ ಬಿಟ್ರೆ ಬಾವಿಗೆ ಇಣುಕ್ತಾವೆ. ಕೆಲಸ ಬಿಟ್ರೆ ಒಲೆ ಉರಿಯಲ್ಲ."

"ಅರಮನೆಗೇ ಕರ್ಕೊಂಡು ಬಾ. ಅಡುಗೆಯವರಿಗೂ ಲಾಯದವರಿಗೂ ಅವರವರ ಮಕ್ಕಳನ್ನ ತರೋಕೆ ಹೇಳು."

"ಅಯ್ಯೋ, ಗಲಾಟೇಲಿ ಕೈ ತಪ್ಪಿದ್ರೆ ನನ್ನ ತಲೆ ಹೋಗುತ್ತೆ!"

"ತಲೆ ನಾನು ನೋಡ್ಕೋತೀನಿ. ನೀನು ಮೀಸೆ ನೋಡ್ಕೋ."

ಮಾರನೇ ದಿನ ಮಧ್ಯಾಹ್ನ ಅರಮನೆ ಅಡುಗೆಮನೇಲಿ ಹೋಳಿಗೆ ಮಾಯ. ದರ್ಬಾರಿನ ನೆಲದ ಮೇಲೆ ಇದ್ದಿಲಲ್ಲಿ ಕುಂಟೆಬಿಲ್ಲೆ ಮನೆ. ಸಿಂಹಾಸನದ ಮೇಲೆ ಯಾವುದೋ ಕೂಸು ಬಾಯಿ ತೆರೆದು ಮಲಗಿತ್ತು.

ಒಳಗೆ ರಾಜ ಕಣ್ಣು ಮುಚ್ಚಿ ಕೂತಿದ್ದ. ಕೆಂಚಪ್ಪ ಬಲಗಡೆ ಮೀಸೆ ತಿದ್ದಿ ಮುಗಿಸಿ ಎಡಗಡೆಗೆ ಕತ್ತರಿ ಇಟ್ಟ. ಅಷ್ಟರಲ್ಲಿ ಅವನ ಕಿರಿಮಗಳು ಪುಟ್ಟತಾಯಿಗೆ ಯುದ್ಧದ ನಗಾರಿ ಕಣ್ಣಿಗೆ ಬಿತ್ತು.

ಢಂ!

ಸೈನಿಕರು ಕತ್ತಿ ಹಿಡಿದು ಓಡಿಬಂದರು. ಒಬ್ಬ ಅವಸರದಲ್ಲಿ ಸೌಟು ಹಿಡಿದು ಬಂದಿದ್ದ. ಹಿಂದೆಯೇ ಮಂತ್ರಿಗಳೂ ಗಿರಿಯಣ್ಣನೂ ಬಂದರು. ಎಡಮೀಸೆ ರಾಜನ ಮಡಿಲಲ್ಲಿ ಬಿದ್ದಿತ್ತು.

"ಈ ಮಕ್ಕಳನ್ನ ಒಳಗೆ ಬಿಟ್ಟವರು ಯಾರೋ?" ಅಂತ ರಾಜ ಗುಡುಗಿದ.

"ತಾವೇ ಪ್ರಭು," ಅಂದ ಗಿರಿಯಣ್ಣ. "ಅಪ್ಪ ಅಮ್ಮ ತಮ್ಮ ಸೇವೆಯಲ್ಲಿದ್ದಾರೆ, ಶಾಲೆಗೆ ಬೀಗ ಬಿದ್ದಿದೆ. ಮಕ್ಕಳು ಇನ್ನೆಲ್ಲಿಗೆ ಹೋಗ್ಬೇಕು?"

"ನನ್ನ ಮೀಸೆ ಹೋಯ್ತಲ್ಲೋ!"

"ಎಲ್ಲಿ ಹೋಯ್ತು ಪ್ರಭು? ಅರ್ಧ ಇದೆಯಲ್ಲ! ಅರ್ಧ ಇದ್ರೆ ಇದ್ದ ಹಾಗೇ ಲೆಕ್ಕ. ಬೇಕಿದ್ರೆ ಮಂತ್ರಿಗಳನ್ನ ಕೇಳಿ."

ಮಂತ್ರಿಗಳು ಕಂಬದ ಹಿಂದೆ ನಿಂತಿದ್ದರು. ಅವರೂ ಅರ್ಧವೇ ಕಾಣುತ್ತಿದ್ದರು.

ರಾಜ ಕನ್ನಡಿ ನೋಡಿದ, ಮಂತ್ರಿಯನ್ನ ನೋಡಿದ. ಆಮೇಲೆ ನಗು ತಡೆಯೋಕೆ ಆಗಲಿಲ್ಲ.

"ನಾಳೆಯಿಂದ ಪೂರ್ತಿ ಶಾಲೆ, ಪೂರ್ತಿ ಸಂಬಳ! ಗೆಜ್ಜೆ ಬೇಡ!"

ಆನೆಗೇನೂ ಬೇಜಾರಾಗಲಿಲ್ಲ.

"ಗಿರಿಯಣ್ಣ, ನಿನಗೇನು ಬಹುಮಾನ ಬೇಕು, ಕೇಳು."

ಮೂಲೇಲಿ ಕತ್ತರಿ ಬಚ್ಚಿಟ್ಟುಕೊಂಡು ನಿಂತಿದ್ದ ಕೆಂಚಪ್ಪನ ಕಡೆ ಗಿರಿಯಣ್ಣ ಕೈ ತೋರಿಸಿದ.

"ಇವನ ತಲೆ ಕೊಡಿ ಪ್ರಭು. ಪೂರ್ತಿ ಕೊಡಿ. ಅದು ಈಗ ಎಲ್ಲಿದೆಯೋ ಅಲ್ಲೇ ಇರಲಿ."