ಟವೆಲ್ ಹೊದ್ದ ಓಟ

ಪರೀಕ್ಷೆಯಲ್ಲೇ ಮೋಸ ನಡೆಯಿತು. ಊರ ಗ್ರಂಥಾಲಯದ ಕಂಪ್ಯೂಟರಿಗೆ ಅಗ್ಗದ, ಕಡಿಮೆ ಕರೆಂಟು ಎಳೆಯುವ ಎರಡು ಪ್ರೊಸೆಸರ್‌ಗಳಲ್ಲಿ, ಹೊಸದೊಂದು ಹಳೆಯದೊಂದು, ಯಾವುದಾದರೂ ಒಂದನ್ನು ಆರಿಸಬೇಕಿತ್ತು. ಅಂಗಡಿಯವನು ಅವೆರಡನ್ನೂ ಕೂರಿಸಿದ ಕಂಪ್ಯೂಟರ್ ಪೆಟ್ಟಿಗೆಗಳ ಮುಚ್ಚಳ ಬಿಚ್ಚಿ, ಫ್ಯಾನಿನ ಕೆಳಗಿಟ್ಟು, ಒಂದೇ ಒಂದು ನಿಮಿಷ ಓಡಿಸಿದ. ಹೊಸದು ಮುಂದೆ ಹೋಯಿತು. ಅಷ್ಟಕ್ಕೇ ಅದು ಗೆದ್ದಿತೆಂದು ಸಾರಿ, ಹಳೆಯದನ್ನು ಗುಜರಿ ಚೀಲದತ್ತ ಸರಿಸಿದ.

ಹಳೆಯದಕ್ಕೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ತಮ್ಮಾ, ಆ ಗ್ರಂಥಾಲಯದ ಪಕ್ಕದಲ್ಲೇ ಹಿಟ್ಟಿನ ಗಿರಣಿ. ಧೂಳಿಗೆ ಹೆದರಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿಯೇ ದಿನವಿಡೀ ದುಡಿಸುತ್ತಾರೆ. ಆ ಸೆಕೆ ತಡೆಯಬಲ್ಲೆಯಾ?"

"ಸೋತವರಿಗೆ ಸೆಕೆಯೇ ನೆಪ, ಅಜ್ಜಾ!" ಎಂದು ಹೊಸದು ನಕ್ಕಿತು.

ಕೊಳ್ಳಲು ಬಂದಿದ್ದ, ಗ್ರಂಥಾಲಯ ನೋಡಿಕೊಳ್ಳುವ ರುದ್ರವ್ವ ನಗಲಿಲ್ಲ. ಪೆಟ್ಟಿಗೆಗಳನ್ನು ಮುಚ್ಚಿಸಿ, ಕೈಚೀಲದಿಂದ ಎರಡು ಟವೆಲ್ ತೆಗೆದು ಹೊದಿಸಿ, ಫ್ಯಾನ್ ಆರಿಸಿ, "ಈಗ ಓಡಿಸಪ್ಪಾ" ಎಂದಳು.

"ಬಟ್ಟೆ ಹೊದಿಸಬಾರದವ್ವಾ, ಕಾಯುತ್ತೆ!" ಎಂದ ಅಂಗಡಿಯವನು.

"ಹಾಗಾದರೆ ಗಿರಣಿ ಹಿಟ್ಟನ್ನ ದಿನಾ ನೀನು ಬಂದು ಒರೆಸ್ತೀಯಾ?"

ಅಂಗಡಿಯವನು ಎರಡನ್ನೂ ಓಡಿಸಿದ. ಇಪ್ಪತ್ತು ನಿಮಿಷಕ್ಕೆ ಹೊಸದು ಏದುಸಿರು ಬಿಡುತ್ತಾ ತೆವಳತೊಡಗಿತು. "ಅಜ್ಜಾ, ಬಟ್ಟೆ ತೆಗೆಸು!"

"ನನ್ನ ಮೇಲೂ ಅದೇ ಬಟ್ಟೆ ಇದೆ, ತಮ್ಮಾ" ಎಂದಿತು ಹಳೆಯದು. ಅದರ ನಡಿಗೆ ಒಂದಿಷ್ಟೂ ಬದಲಾಗಲಿಲ್ಲ. ರುದ್ರವ್ವ ಅದರ ಪೆಟ್ಟಿಗೆಯನ್ನೇ ಕಂಕುಳಲ್ಲಿ ಅವುಚಿಕೊಂಡು ಹೊರಟಳು.

ಫ್ಯಾನಿನ ಕೆಳಗಿನ ಒಂದು ನಿಮಿಷ ತೋರಿಸಿ ಮಾರುವವರು ನಿಮ್ಮೂರಿಗೂ ಬರುತ್ತಾರೆ. ತಲೆಯಾಡಿಸಬೇಡಿ. ಮನೆಯಿಂದ ಟವೆಲ್ ಒಯ್ಯಿರಿ. ಅವರೆದುರೇ ಹೊದಿಸಿ, ಒಂದು ಗಂಟೆ ಕಾದು ನೋಡಿ, ಆಮೇಲೆ ಸಹಿ ಹಾಕಿ.