ಮೇಜಿನ ಮೇಲೆ ಒಂದೇ ಡಬ್ಬಿ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಜಪವಿರಲಿಲ್ಲ, ಭಜನೆಯಿರಲಿಲ್ಲ. ಕೋವಿ ಬಿಚ್ಚುವುದು, ಒರೆಸುವುದು, ಜೋಡಿಸುವುದು, ತೋಟೆ ತುಂಬುವುದು, ಅಪರೂಪಕ್ಕೊಮ್ಮೆ ಹಾರಿಸುವುದು, ಇಷ್ಟನ್ನು ಕಲಿಸುತ್ತಿದ್ದರು.

ಸರ್ಕಾರದ ಪ್ರಕಾರ ಅದು ಪರವಾನಗಿ ಪಡೆದ ರೈಫಲ್ ಸಂಘ. ಆಶ್ರಮ ಎಂದು ಹೆಸರಿಟ್ಟವರು ಊರಿನವರು. ಮಾತು ಕಡಿಮೆ, ಊಟ ಸಪ್ಪೆ, ಒಳಗೆ ಹೋದವನು ಬೇಗ ಹೊರಗೆ ಬರುವುದಿಲ್ಲ. ಆಶ್ರಮಕ್ಕೆ ಇನ್ನೇನು ಬೇಕು?

ಗುರುಗಳು ಸುಬೇದಾರ್ ಮೊಣ್ಣಪ್ಪ. ಸೈನ್ಯದಲ್ಲಿ ಜೀವಮಾನವಿಡೀ ಕೋವಿ ರಿಪೇರಿ ಮಾಡಿ ಬಂದವರು. ಅವರಿಗೆ ಉಳಿದದ್ದು ಎಡಗಣ್ಣೊಂದೇ. ಬಲಗಣ್ಣು ಹೋದದ್ದು ಹಿಂದಿನ ಶಿಷ್ಯನೊಬ್ಬ ತುಂಬಿದ ತೋಟೆ ಕೋವಿಯೊಳಗೇ ಸಿಡಿದಾಗ.

"ಬೇರೆ ಶಿಷ್ಯರು ಗುರುದಕ್ಷಿಣೆ ಕೊಟ್ಟು ಹೋಗ್ತಾರೆ. ಅವನು ತಗೊಂಡು ಹೋದ" ಎನ್ನುತ್ತಿದ್ದಳು ಅಡುಗೆಯ ಚೋಂದಮ್ಮ.

ಕನ್ನಡಕ ಹಾಕಿಕೊಳ್ಳಬೇಕಿತ್ತು ಎಂದು ಯಾರಾದರೂ ಬುದ್ಧಿ ಹೇಳಿದರೆ ಗುರುಗಳು ಒಪ್ಪುತ್ತಿದ್ದರು.

"ಹಾಕಿದ್ದೆ. ಅದೂ ಹೋಯ್ತು."

ಆಶ್ರಮದಲ್ಲೊಂದು ಪದ್ಧತಿ. ಶಿಷ್ಯನು ತನ್ನ ಕೈಯಾರೆ ತುಂಬಿದ ರೈಫಲ್ ತೋಟೆಗಳಲ್ಲಿ ಮೊದಲನೆಯದನ್ನು ಗುರುವೇ ಹಾರಿಸಬೇಕು. ಅದು ಶಿಷ್ಯನ ಪರೀಕ್ಷೆ. ಕಣ್ಣು ಹೋದ ಮೇಲೂ ಗುರುಗಳು ಪದ್ಧತಿ ಬಿಡಲಿಲ್ಲ. ಕೋವಿಯನ್ನು ಎಡಭುಜಕ್ಕೆ ಬದಲಾಯಿಸಿಕೊಂಡರು, ಅಷ್ಟೆ.

ಈಗಿನ ಶಿಷ್ಯನ ಹೆಸರು ಪೂವಣ್ಣ. ವರ್ಷಗಟ್ಟಲೆ ನಳಿಗೆ ಒರೆಸಿ ಒರೆಸಿ, ಈಚೆಗಷ್ಟೇ ತೋಟೆಗೆ ಮದ್ದು ತುಂಬುವ ಮೇಜಿನ ಹತ್ತಿರ ಬರಲು ಅಪ್ಪಣೆ ಪಡೆದವನು.

ಆಶ್ರಮಕ್ಕೊಂದು ದೇವರೂ ಇತ್ತು. ದೊಡ್ಡ ಯುದ್ಧದ ಕಾಲದ ಸೈನ್ಯದ ರೈಫಲ್. ಒಂದು ಗುಂಡು ಹಾರಿದರೆ ಖಾಲಿ ತೋಟೆಯನ್ನು ತಾನೇ ಆಚೆಗೆಸೆದು, ಮುಂದಿನದನ್ನು ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು. ಆ ಕಾಲಕ್ಕೆ ಅದು ಪವಾಡ. ಈಗ ಅದಕ್ಕೆ ವಯಸ್ಸಾಗಿತ್ತು. ಅಂಗಡಿಯ ಹೊಸ ತೋಟೆಗಳ ಹೊಡೆತವನ್ನು ಅದರ ಮುದಿ ಮೈ ತಾಳುತ್ತಿರಲಿಲ್ಲ. ಹದವಾದ ಮದ್ದು ಹಾಕಿ ಕೈಯಲ್ಲೇ ತುಂಬಿ ಕೊಡಬೇಕಿತ್ತು.

ಕಪಾಟಿನಲ್ಲಿ ಮೂರು ಡಬ್ಬಿ ಮದ್ದು. ಬೇಗ ಉರಿಯುವುದು ಜೋಡುನಳಿಗೆ ಕೋವಿಗೆ. ನಿಧಾನ ಉರಿಯುವುದು ದೂರ ಹೊಡೆಯುವ ದೊಡ್ಡ ರೈಫಲಿಗೆ. ಇವೆರಡರ ನಡುವಿನದೊಂದು.

"ಗುರುಗಳೇ, ಈ ಹಳೇ ರೈಫಲಿಗೆ ಯಾವುದು ಒಳ್ಳೇದು?" ಎಂದು ಪೂವಣ್ಣ ಮೇಜಿಗೆ ಬಂದ ಮೊದಲ ದಿನವೇ ಕೇಳಿದ.

"ನಿನಗೆ ಯಾವುದು ಅನ್ನಿಸ್ತದೆ?"

"ನಿಧಾನದ್ದು. ಗುಂಡಿಗೆ ವೇಗ ಜಾಸ್ತಿ ಬರ್ತದೆ ಅಂತಾರೆ."

ಗುರುಗಳು ವಾದ ಮಾಡಲಿಲ್ಲ. ತಾವೇ ಆ ಮದ್ದಿನಲ್ಲಿ ಒಂದು ತೋಟೆ ತುಂಬಿ ಕೊಟ್ಟರು. ಪೂವಣ್ಣ ಹೊಳೆಯ ದಂಡೆಯಲ್ಲಿ ಮಲಗಿ ಹಾರಿಸಿದ. ಗುಂಡು ಗುರಿಯ ಹಲಗೆಯ ನಟ್ಟನಡುವೆ ಹೊಕ್ಕಿತು.

"ಬಿತ್ತು ಗುರುಗಳೇ! ಮಧ್ಯಕ್ಕೇ ಬಿತ್ತು!"

ಗುರುಗಳು ಹಲಗೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಹುಲ್ಲಿನಲ್ಲಿ ಏನನ್ನೋ ಹುಡುಕುತ್ತ ನೀರಿನ ಅಂಚಿನವರೆಗೂ ಹೋಗಿದ್ದರು. ಅಲ್ಲಿಂದ ಖಾಲಿ ತೋಟೆಯನ್ನು ಹೆಕ್ಕಿ ತಂದರು.

"ಗುಂಡು ಹೋಯ್ತು. ಹೋದವರ ಮಾತು ಯಾಕೆ? ಇದು ಎಲ್ಲಿ ಬಿದ್ದಿತ್ತು ನೋಡು. ಪಕ್ಕದಲ್ಲಿ ಬೀಳಬೇಕಾದ್ದು ಹೊಳೆಗೆ ಹಾರಿಕೊಳ್ಳೋಕೆ ಹೊರಟಿತ್ತು."

ಪೂವಣ್ಣನಿಗೆ ಅರ್ಥವಾಗಲಿಲ್ಲ. ಗುರುಗಳು ಅವನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಚೋಂದಮ್ಮ ಕುದಿದ ನೀರನ್ನು ಆಗಷ್ಟೇ ಕೆಳಗಿಳಿಸಿದ್ದಳು. ಒಲೆಯಲ್ಲಿ ದಪ್ಪ ಸೌದೆ ಇನ್ನೂ ಧಗಧಗ ಉರಿಯುತ್ತಿತ್ತು.

"ನೀರು ಕಾದದ್ದು ಸೌದೆಗೆ ಗೊತ್ತುಂಟಾ?" ಎಂದರು ಗುರುಗಳು.

"ಮಾತಿಗೆ ಸೌದೆಯನ್ನು ಯಾಕೆ ಎಳೀತೀರಿ?" ಎಂದಳು ಚೋಂದಮ್ಮ. "ಕಾಫಿ ಬೇಕು ಅಂತ ಬಾಯಿಬಿಟ್ಟು ಹೇಳಿ."

ಕಾಫಿ ಕುಡಿಯುತ್ತ ಗುರುಗಳು ವಿವರಿಸಿದರು. ಆ ರೈಫಲಿನ ನಳಿಗೆಯ ತುದಿಯಲ್ಲಿ ಒಂದು ಸಣ್ಣ ತೂತು. ಗುಂಡಿನ ಹಿಂದೆ ನುಗ್ಗುವ ಬಿಸಿಗಾಳಿಯಲ್ಲಿ ಒಂದಿಷ್ಟು ಆ ತೂತಿನಿಂದ ಇಳಿದು ಒಂದು ಉದ್ದನೆಯ ಸರಳನ್ನು ಹಿಂದಕ್ಕೆ ತಳ್ಳುತ್ತದೆ. ಖಾಲಿ ತೋಟೆಯನ್ನು ಎಸೆಯುವುದೂ ಹೊಸದನ್ನು ಎಳೆಯುವುದೂ ಆ ಸರಳಿನ ಬಲದಿಂದ. ನಿಧಾನದ ಮದ್ದು ತುದಿ ಮುಟ್ಟಿದಾಗಲೂ ಜೋರಾಗಿ ಉರಿಯುತ್ತಲೇ ಇರುತ್ತದೆ, ಸರಳನ್ನು ಒದೆಯುತ್ತದೆ. ಒದೆ ತಿಂದು ತಿಂದು ಸರಳು ಒಂದು ದಿನ ಬಾಗುತ್ತದೆ. ಅಲ್ಲಿಯ ತನಕ ಗುಂಡುಗಳು ಮಾತ್ರ ಮಧ್ಯಕ್ಕೇ ಬೀಳುತ್ತಿರುತ್ತವೆ.

ಮನುಷ್ಯರ ಬಾಳೂ ಹೀಗೆಯೇ ಎಂದು ಗುರುಗಳು ಹೇಳುತ್ತಾರೇನೋ ಎಂದು ಪೂವಣ್ಣ ಕಾದ. ಅವರು ಹೇಳಲಿಲ್ಲ. ಲೋಟ ತೊಳೆದಿಟ್ಟರು.

"ಹಾಗಾದರೆ ಬೇಗ ಉರಿಯೋದು?"

ಗುರುಗಳು ಮುಚ್ಚಿಹೋದ ಬಲಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

"ರೈಫಲಿನೊಳಗೆ ಅದು ಒಮ್ಮೆಗೇ ಸಿಡೀತದೆ. ಅದಕ್ಕೇ ಮೇಜಿನ ಮೇಲೆ ಒಂದೇ ಡಬ್ಬಿ. ಇನ್ನೊಂದು ಬೇಕಾದರೆ ಮೊದಲಿನದು ಕಪಾಟಿಗೆ ಹೋಗಬೇಕು. ಯಂತ್ರದಲ್ಲಿ ಒಂದು ಕಾಳೂ ಉಳೀಬಾರದು."

ಯಂತ್ರವೆಂದರೆ ಮದ್ದು ಅಳೆಯುವ ಯಂತ್ರ. ಮೇಲೊಂದು ಕೊಳವೆ, ಪಕ್ಕದಲ್ಲೊಂದು ಹಿಡಿ. ಕೊಳವೆಗೆ ಮದ್ದು ಸುರಿದು ಹಿಡಿ ಒತ್ತಿದರೆ ಒಂದು ತೋಟೆಗೆ ಬೇಕಾದಷ್ಟು ಕೆಳಗಿಳಿಯುತ್ತದೆ. ಎಷ್ಟು ಇಳಿಯಿತು ಎಂದು ಅದು ಹೇಳೀತು. ಯಾವುದು ಇಳಿಯಿತು ಎಂದು ಕೇಳಿದರೆ ಅದಕ್ಕೂ ಗೊತ್ತಿಲ್ಲ.

ಪರೀಕ್ಷೆಯ ದಿನ ಬಂತು.

ಬೆಳಿಗ್ಗೆ ಪೂವಣ್ಣ ಸಂಘದ ಸದಸ್ಯರಿಗೆಂದು ಜೋಡುನಳಿಗೆಯ ತೋಟೆಗಳನ್ನು ತುಂಬಿದ. ಬೇಗ ಉರಿಯುವ ಮದ್ದು. ಕೆಲಸ ಮುಗಿಯುವ ಹೊತ್ತಿಗೆ ಚೋಂದಮ್ಮ ಊಟಕ್ಕೆ ಕೂಗಿದಳು. ಹೋಗಿ ಉಂಡು ಬಂದ. ಗುರುಗಳು ಹಾರಿಸಬೇಕಾದ ರೈಫಲ್ ತೋಟೆಗಳನ್ನು ಆಮೇಲೆ ತುಂಬಿದ. ನಡುವಿನ ಮದ್ದು. ಒಂದೊಂದನ್ನೂ ಒರೆಸಿ ಮಿರಮಿರ ಮಾಡಿ ಸಾಲಾಗಿ ನಿಲ್ಲಿಸಿದ. ಯಂತ್ರದಲ್ಲಿ ಉಳಿದದ್ದನ್ನು ನಡುವಿನ ಮದ್ದಿನ ಡಬ್ಬಿಗೆ ವಾಪಸು ಸುರಿದ. ಡಬ್ಬಿಯನ್ನು ಕಪಾಟಿಗಿಟ್ಟು ಬಾಗಿಲು ಹಾಕಿದ.

ಬಾಗಿಲು ಹಾಕಿದ ಕೈ ಅಲ್ಲೇ ನಿಂತಿತು.

ಊಟಕ್ಕೆ ಏಳುವ ಮೊದಲು ಕೊಳವೆಯನ್ನು ಖಾಲಿ ಮಾಡಿದ್ದೆನೇ?

ಮಾಡಿದ್ದೆ. ಕೊಳವೆಯನ್ನು ಕಳಚಿ, ಬಗ್ಗಿಸಿ, ಕೊನೆಗೊಮ್ಮೆ ಬೆರಳಿನಿಂದ ತಟ್ಟಿದ್ದು ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಆದರೆ ಅದು ಇವತ್ತು ತಟ್ಟಿದ ನೆನಪೋ, ನಿನ್ನೆಯದೋ? ದಿನವೂ ತಟ್ಟುವವನಿಗೆ ಎಲ್ಲ ದಿನದ ನೆನಪೂ ಒಂದೇ ತರಹ.

ಖಾಲಿ ಮಾಡಿರದಿದ್ದರೆ, ಬೆಳಗಿನ ಮದ್ದಿನ ಮೇಲೆಯೇ ಮಧ್ಯಾಹ್ನದ್ದನ್ನು ಸುರಿದಿದ್ದ. ಸಾಲಿನಲ್ಲಿ ಮಿರಮಿರ ಮಿಂಚುತ್ತಿದ್ದ ತೋಟೆಗಳಲ್ಲಿ ಯಾವುದರಲ್ಲೋ ಇನ್ನೊಂದು ಕಣ್ಣಿಗಾಗುವಷ್ಟು ಮದ್ದಿತ್ತು.

ಪೂವಣ್ಣ ಒಂದು ತೋಟೆಯನ್ನು ತಕ್ಕಡಿಗೆ ಹಾಕಿದ. ತೂಕ ಸರಿಯಿತ್ತು. ಯಂತ್ರ ಅಳೆದದ್ದಲ್ಲವೇ, ಸರಿಯಿಲ್ಲದೆ ಏನು? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಸರಸರ ಎಂದಿತು. ಇನ್ನೊಂದನ್ನು ಅಲ್ಲಾಡಿಸಿದ. ಅದೂ ಹಾಗೆಯೇ ಎಂದಿತು.

"ಏನದು, ತೆಂಗಿನಕಾಯಿ ಆರಿಸಿದ ಹಾಗೆ?" ಚೋಂದಮ್ಮ ಕಿಟಕಿಯಲ್ಲಿ ನಿಂತಿದ್ದಳು.

"ಅಕ್ಕಾ, ನಾನು ಊಟಕ್ಕೆ ಬಂದಾಗ ಕೈಯಲ್ಲಿ ಮದ್ದಿನ ಮಸಿ ಇತ್ತಾ? ಕೈ ತೊಳೆದೆನಾ?"

ಕೊಳವೆ ತಟ್ಟಿದ ದಿನ ಬೆರಳು ಮಸಿಯಾಗುತ್ತಿತ್ತು. ಅದಕ್ಕೇ ಕೇಳಿದ.

"ದಿನಾ ತೊಳೀತೀಯ. ಇವತ್ತು ತೊಳೆದ್ಯೋ ಇಲ್ವೋ ಯಾರು ನೆನಪಿಟ್ಟುಕೊಳ್ತಾರೆ? ತೊಳೀದೆ ಉಂಡಿದ್ದರೆ ಹೊಟ್ಟೆ ನಿಂದು, ನನ್ನದಲ್ಲ."

ಅಲ್ಲಿಗೆ ಸಾಕ್ಷಿ ಮುಗಿಯಿತು.

ಹೇಳಿಬಿಟ್ಟರೆ ಏನಾಗುತ್ತದೆಂದು ಪೂವಣ್ಣನಿಗೆ ಗೊತ್ತಿತ್ತು. ಪರೀಕ್ಷೆ ಹೋಯಿತು, ಮದ್ದಿನ ಮೇಜು ಹೋಯಿತು, ಮತ್ತೆ ನಳಿಗೆ ಮತ್ತು ಒರೆಸುವ ಬಟ್ಟೆ. ಹೇಳದಿದ್ದರೆ ಬಹುಶಃ ಏನೂ ಆಗುವುದಿಲ್ಲ. ಖಂಡಿತ ಖಾಲಿ ಮಾಡಿರುತ್ತೇನೆ. ಮೇಜಿಗೆ ಬಂದ ಮೇಲೆ ಒಂದು ದಿನವಾದರೂ ಮರೆತಿದ್ದೇನೆಯೇ? ಇವತ್ತೇ ಯಾಕೆ ಮರೆಯಬೇಕು? ಹೀಗೆ ಅವನು ತನ್ನ ಪರವಾಗಿ ಬಹಳ ಚೆನ್ನಾಗಿ ವಾದಿಸಿದ. ವಾದ ಗೆದ್ದಷ್ಟೂ ಅಂಗೈ ಬೆವರುತ್ತ ಹೋಯಿತು.

ಇಳಿಹೊತ್ತಿಗೆ ಗುರುಗಳು ರೈಫಲನ್ನು ಹೆಗಲಿಗೇರಿಸಿ ಹೊಳೆಯ ಕಡೆ ಹೊರಟರು. ಪೂವಣ್ಣ ತೋಟೆಗಳ ಪೆಟ್ಟಿಗೆ ಹಿಡಿದು ಹಿಂದೆ ನಡೆದ. ದಾರಿಯಲ್ಲಿ, ಕುತೂಹಲಕ್ಕೆ ಕೇಳಿದಂತೆ ಕೇಳಿದ:

"ಗುರುಗಳೇ, ತೋಟೆ ಮುಚ್ಚಿದ ಮೇಲೆ ಒಳಗೆ ಯಾವ ಮದ್ದು ಉಂಟು ಅಂತ ತಿಳಿಯೋದು ಹೇಗೆ?"

"ತುಂಬಿದವನ ಮುಖ ನೋಡಿ."

ಪೂವಣ್ಣ ಮುಖವನ್ನು ಸರಿಮಾಡಿಕೊಂಡ. ಅದೃಷ್ಟಕ್ಕೆ ಗುರುಗಳು ಮುಂದೆ ನಡೆಯುತ್ತಿದ್ದರು. ಒಮ್ಮೆಯೂ ಹಿಂದೆ ತಿರುಗಲಿಲ್ಲ.

ದಂಡೆಯಲ್ಲಿ ಚಾಪೆ ಹಾಸಿ ಗುರುಗಳು ಮಲಗಿದರು. ಪೆಟ್ಟಿಗೆಯಿಂದ ಒಂದು ತೋಟೆ ತೆಗೆದು ರೈಫಲಿಗಿಟ್ಟರು. ತೋಟೆಯ ಹಿಂದೆ ಮುಚ್ಚುವ ಬೋಲ್ಟು ಫಟ್ಟೆಂದು ಮುಂದೆ ಸರಿದು ಕೂತಿತು. ಅವರು ಎಡಗೆನ್ನೆಯನ್ನು ಮರದ ಹಿಡಿಗೆ ಒರಗಿಸಿದರು. ಉಳಿದ ಒಂದು ಕಣ್ಣು ಬೋಲ್ಟಿನ ಹಿಂದೆ, ಒಂದು ಗೇಣು ದೂರದಲ್ಲಿ ನಿಂತಿತು.

"ಹಲಗೆ ನೋಡಬೇಡ. ಖಾಲಿ ತೋಟೆ ಎಲ್ಲಿ ಬೀಳ್ತದೆ ನೋಡಿಕೋ."

ಪೂವಣ್ಣ ಎರಡನ್ನೂ ನೋಡಲಿಲ್ಲ. ಗುರುಗಳ ತೋರುಬೆರಳನ್ನು ನೋಡುತ್ತಿದ್ದ. ಅದು ನಿಧಾನವಾಗಿ ಒಳಗೆ ಹೋಗಿ, ಗುಂಡು ಹಾರಿಸುವ ಕುದುರೆಯ ಮೇಲೆ ಕೂತಿತು.

"ಗುರುಗಳೇ, ಮೊದಲನೆಯದು ನಾನು ಹಾರಿಸ್ತೇನೆ."

ಬೆರಳು ನಿಂತಿತು. "ಯಾಕೆ?"

"ಸುಮ್ಮನೆ."

"ಸುಮ್ಮನೆ ಹಾರಿಸೋ ಕೋವಿ ಅಲ್ಲ ಇದು."

"ನಿಮಗೆ ಒಂದೇ ಉಂಟು. ನನಗೆ ಎರಡುಂಟು."

"ಲೆಕ್ಕ ಚೆನ್ನಾಗಿ ಬರ್ತದೆ ನಿನಗೆ" ಎಂದು ಗುರುಗಳು ಮತ್ತೆ ಕೆನ್ನೆ ಒರಗಿಸಿದರು. ಬೆರಳು ಮತ್ತೆ ಬಿಗಿಯತೊಡಗಿತು.

"ಬೇಡ!" ಪೂವಣ್ಣ ಕೂಗಿದ್ದು ಆಚೆ ದಡದ ಹಕ್ಕಿಗಳಿಗೂ ಕೇಳಿಸಿತು. ಅವು ಎದ್ದು ಹಾರಿದವು. "ಬೇಡ ಗುರುಗಳೇ. ನನಗೆ ಅನುಮಾನ ಉಂಟು."

"ಎಷ್ಟು?"

"ಚೂರು. ಊಟಕ್ಕೆ ಮುಂಚೆ ಕೊಳವೆ ಖಾಲಿ ಮಾಡಿದ ನೆನಪುಂಟು. ಆದರೆ ಅದು ಇವತ್ತಿನದು ಹೌದೋ ಅಲ್ಲವೋ ಗೊತ್ತಿಲ್ಲ."

ಗುರುಗಳು ಬೈಯಲಿಲ್ಲ. ಬೆರಳನ್ನು ಹೊರಗೆ ತೆಗೆದರು. ಬೋಲ್ಟನ್ನು ಎಳೆದು ತೋಟೆಯನ್ನು ಆಚೆಗೆ ಬೀಳಿಸಿದರು. ಎದ್ದು ಚಾಪೆ ಕೊಡವಿ ಸುತ್ತಿದರು.

"ನಡಿ."

ಆಶ್ರಮದ ಅಂಗಳದಲ್ಲಿ ಕೂತು ಇಬ್ಬರೂ ಒಂದೊಂದೇ ತೋಟೆಯ ಗುಂಡನ್ನು ಕಿತ್ತರು. ಒಳಗಿನ ಮದ್ದನ್ನು ಚೋಂದಮ್ಮನ ಬಿಳಿ ಪಿಂಗಾಣಿ ತಟ್ಟೆಗೆ ಸುರಿದರು. ಗುರುಗಳು ತಟ್ಟೆಯನ್ನು ಸಂಜೆಯ ಬಿಸಿಲಿಗೆ ಓರೆ ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ಶಿಷ್ಯನ ಕೈಗೆ ಕೊಟ್ಟರು.

"ಏನು ಕಾಣ್ತದೆ?"

ಸುಟ್ಟ ರಾಗಿಯಂಥ ಸಣ್ಣ ಕಪ್ಪು ಕಾಳು. ಬೇಗ ಉರಿಯುವುದೂ ಹಾಗೆಯೇ ಇರುತ್ತಿತ್ತು, ನಡುವಿನದೂ ಹಾಗೆಯೇ ಇರುತ್ತಿತ್ತು.

"ಮದ್ದು ಕಾಣ್ತದೆ" ಎಂದ ಪೂವಣ್ಣ.

"ನನಗೂ ಅಷ್ಟೇ."

ಗುರುಗಳು ತಟ್ಟೆಯನ್ನು ತೆಗೆದುಕೊಂಡು ಹಿತ್ತಲಿಗೆ ಹೋದರು. ಮದ್ದನ್ನು ಬದನೆ ಗಿಡಗಳ ಬುಡಕ್ಕೆ ಚೆಲ್ಲಿದರು. ವಾಪಸು ಬಂದು ಕಪಾಟಿನಿಂದ ನಡುವಿನ ಮದ್ದಿನ ಡಬ್ಬಿಯನ್ನೂ ತೆಗೆದರು. ಯಂತ್ರದಲ್ಲಿ ಉಳಿದದ್ದನ್ನು ಪೂವಣ್ಣ ಸುರಿದದ್ದು ಆ ಡಬ್ಬಿಗೇ.

"ಗುರುಗಳೇ, ಅದು ವರ್ಷದ ಮದ್ದು!"

"ಹೌದು" ಎಂದು ಗುರುಗಳು ಅದನ್ನೂ ಚೆಲ್ಲಿದರು.

"ನನ್ನ ಬದನೆ ಸಿಡಿದರೆ ಯಾರು ಜವಾಬು?" ಎಂದು ಚೋಂದಮ್ಮ ಒಳಗಿನಿಂದಲೇ ಕೂಗಿದಳು.

"ಹೊಸ ಡಬ್ಬಿಗೆ ಪರವಾನಗಿ ಬರೋ ತನಕ ನಳಿಗೆ ಒರೆಸು" ಎಂದರು ಗುರುಗಳು.

ಪೂವಣ್ಣ ತಲೆಯಾಡಿಸಿದ. ಒರೆಸುವ ಬಟ್ಟೆ ಎಲ್ಲಿರುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ಹೆಜ್ಜೆ ಹೋದವನು ನಿಂತ. ಗಿಡದ ಬುಡದ ಕಪ್ಪು ಕಾಳುಗಳು ಆಗಲೇ ಮಣ್ಣಿನಲ್ಲಿ ಬೆರೆಯುತ್ತಿದ್ದವು.

"ಎಲ್ಲಾ ಸರಿಯಾಗೇ ಇದ್ದಿರಬಹುದು ಗುರುಗಳೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಹೊತ್ತಿಗೆ ಪಾಸಾಗಿರ್ತಿದ್ದೆನೋ ಏನೋ. ಸರಿಯಿತ್ತೋ ತಪ್ಪಿತ್ತೋ ನನಗಿನ್ನು ಗೊತ್ತಾಗೋದೇ ಇಲ್ವಾ?"

ಗುರುಗಳು ತಟ್ಟೆಯನ್ನು ತೊಳೆದು, ಬೋರಲು ಹಾಕಿ, ಅವನ ಕಡೆ ತಿರುಗಿದರು.

"ಗೊತ್ತು ಮಾಡಿಕೊಳ್ಳೋಕೆ ಒಂದೇ ದಾರಿ ಇತ್ತು ಮಾರಾಯ. ನಿನ್ನ ಹಿಂದಿನವನು ಗೊತ್ತು ಮಾಡಿಕೊಂಡ."